ನೀರು ಕೊಟ್ಟವರ ಪಟ

ಮಳವಳ್ಳಿ ಸೀಮೆಯ ನಮ್ಮ ಹಟ್ಟಿಯ ನಡುಮನೆಯಲ್ಲಿ ಎರಡೇ ಪಟಗಳಿದ್ದವು. ಒಂದು ಮಲೆ ಮಾದಪ್ಪನದು. ಇನ್ನೊಂದು ಮೈಸೂರು ಪೇಟ ಸುತ್ತಿದ ವಿಶ್ವೇಶ್ವರಯ್ಯನವರದು. ಹಬ್ಬದ ದಿನ ಎರಡಕ್ಕೂ ಹೂ ಏರುತ್ತಿತ್ತು. ರಾಗಿ, ಹುರುಳಿ ಚೆಲ್ಲಿ ಮುಗಿಲು ನೋಡುತ್ತಾ ಕೂರುತ್ತಿದ್ದ ನಮ್ಮ ಹೊಲ ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಹರಿದ ಮೇಲೆ ಗದ್ದೆಯಾಯಿತು. ತಾತ ಮೊದಲ ಸಲ ಭತ್ತ ನಾಟಿ ಹಾಕಿಸಿದ ದಿನದ ಕತೆಯನ್ನು ಅಪ್ಪ ಎಷ್ಟು ಸಲ ಹೇಳಿದರೂ ಅವರ ದನಿ ಒಂದು ಕಡೆ ಕಟ್ಟಿಕೊಳ್ಳುತ್ತಿತ್ತು.

ಆ ಪಟವನ್ನು ಗೋಡೆಯಿಂದ ಇಳಿಸಿದವನು ನಾನು. ಆಗ ನನಗೆ ಇಪ್ಪತ್ತು ವರ್ಷ. ಮೈಸೂರಿನಲ್ಲಿ ಓದುತ್ತಿದ್ದೆ. ಹಿಂದುಳಿದ ವರ್ಗಗಳ ಮೀಸಲಾತಿಯ ಹಾವನೂರು ವರದಿಯ ಬಗ್ಗೆ ಹಾಸ್ಟೆಲಿನಲ್ಲಿ ರಾತ್ರಿಯಿಡೀ ವಾದ ನಡೆಯುತ್ತಿದ್ದ ಕಾಲ. ಅಲ್ಲೇ ನನಗೆ 1918ರ ಕತೆ ತಿಳಿದದ್ದು. ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆ, ಉಳಿದವರಿಗೂ ಪಾಲು ಬೇಕು ಎಂದು ಪ್ರಜಾಮಿತ್ರ ಮಂಡಳಿಯವರು ಕೇಳಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ನೇತೃತ್ವದಲ್ಲಿ ಸಮಿತಿ ಮಾಡಿದರು. ಅರ್ಹತೆಯೊಂದೇ ಅಳತೆಗೋಲಾಗಬೇಕು, ಜಾತಿ ನೋಡಿ ಕೆಲಸ ಕೊಟ್ಟರೆ ಆಡಳಿತ ಕೆಡುತ್ತದೆ ಎಂದು ನಂಬಿದ್ದ ದಿವಾನ್ ವಿಶ್ವೇಶ್ವರಯ್ಯನವರು ಅದನ್ನು ಒಪ್ಪದೆ ಪದವಿ ಬಿಟ್ಟು ಹೊರಟರು. ಇದನ್ನು ಕೇಳಿದ ನನಗೆ ಮೈ ಉರಿಯಿತು. ನಮ್ಮಂಥವರು ಮೇಲೆ ಬರಬಾರದು ಎಂದವರಿಗೆ ನಮ್ಮ ಮನೆಯಲ್ಲೇ ಹೂವೇ ಎಂದು ರಜೆಗೆ ಬಂದ ಮೊದಲ ಮಧ್ಯಾಹ್ನವೇ ಪಟ ತೆಗೆದು ಅಟ್ಟಕ್ಕೆ ಹಾಕಿದೆ.

ಅಪ್ಪ ಬೈಯಲಿಲ್ಲ. "ಆ ಪುಣ್ಯಾತ್ಮ ಇಲ್ದೇ ಇದ್ರೆ ನೀನು ಮೈಸೂರ್ಗೆ ಓದಕ್ಕೆ ಹೋಯ್ತಿದ್ಯಾ ಮಗ?" ಎಂದಷ್ಟೇ ಕೇಳಿ ಎದ್ದು ಹೋದರು. ನಾನು ಓದುತ್ತಿದ್ದ ವಿಶ್ವವಿದ್ಯಾಲಯವೂ ಅವರು ದಿವಾನರಾಗಿದ್ದಾಗ, 1916ರಲ್ಲಿ ಕಟ್ಟಿದ್ದೇ.

ಅದೇ ಸಂಜೆ ನೀರುಗಂಟಿ ಬಂದ. ನಮ್ಮದು ನಾಲೆಯ ಕೊನೇ ಭಾಗ. ಕಟ್ಟು ಪದ್ಧತಿಯಲ್ಲಿ ಸರದಿಯ ನೀರು ಬರುವ ಹೊತ್ತಿಗೆ ಮೇಲಿನವರ ಭತ್ತ, ಕಬ್ಬು ಕುಡಿದು ಮಿಕ್ಕಿದ್ದಷ್ಟೇ ನಮಗೆ. ಆತ ಹಿಂದಿನ ರಾತ್ರಿಯಿಡೀ ಸನಿಕೆ, ಲಾಟೀನು ಹಿಡಿದು ಏರಿಯ ಮೇಲೆ ಓಡಾಡಿ, ಯಾರೋ ಕಟ್ಟಿದ ಅಡ್ಡ ಒಡ್ಡು ಬಿಡಿಸಿ, ನಮ್ಮ ಗದ್ದೆಗೆ ನೀರು ತಿರುಗಿಸಿ ಬಂದಿದ್ದ. ಜಗಲಿಯ ಕೆಳಗೆ ನಿಂತು "ಬುದ್ಧಿ, ವಸಿ ನೀರು" ಎಂದ. ನಾನೇ ಚೊಂಬು ತಂದೆ. ಆತ ಬಗ್ಗಿ ಬೊಗಸೆ ಒಡ್ಡಿದ. ನಾನು ಮೇಲಿನಿಂದ ಹುಯ್ದೆ. ಮೊಣಕೈಯಿಂದ ನೀರು ಮಣ್ಣಿಗೆ ತೊಟ್ಟಿಕ್ಕುತ್ತಿತ್ತು. ನಮ್ಮ ಗದ್ದೆಗೆಲ್ಲ ನೀರು ಕೊಟ್ಟವನು ನಮ್ಮ ಅಂಗಳದಲ್ಲಿ ಹೀಗೆ ಕುಡಿದ. ಅಪ್ಪನ ವಯಸ್ಸಿನ ಅವನನ್ನು ನಾನು ಹುಟ್ಟಾ ಏಕವಚನದಲ್ಲೇ ಕರೆದಿದ್ದೆ. ಅವತ್ತು ಮಧ್ಯಾಹ್ನ ಪಟ ಇಳಿಸಿದ್ದೂ, ಸಂಜೆ ನೀರು ಹುಯ್ದದ್ದೂ ಇದೇ ಕೈ. ಎರಡಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆಯಲಿಲ್ಲ. ಹೊಳೆಯಲು ಬಹಳ ವರ್ಷ ಹಿಡಿಯಿತು.

ವಿಶ್ವೇಶ್ವರಯ್ಯನವರ ನಿಲುವು ತಪ್ಪು ಎಂದು ಇವತ್ತಿಗೂ ನಂಬುತ್ತೇನೆ. ಮೊದಲು ಎಲ್ಲರಿಗೂ ವಿದ್ಯೆ ಸಿಗಲಿ, ನೌಕರಿ ತಾನಾಗಿ ಬರುತ್ತದೆ ಎಂಬುದು ಅವರ ಲೆಕ್ಕ. ಆ ಮಾತು ಬರೀ ಬಾಯಿಮಾತಾಗಿರಲಿಲ್ಲ. 1915ರಲ್ಲಿ ಸರ್ಕಾರಿ ಶಾಲೆಗಳ ಬಾಗಿಲನ್ನು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೂ ತೆರೆದಾಗ ದಿವಾನರು ಅವರೇ. ಆದರೆ ತೂಬು ಎತ್ತಿದ ಮಾತ್ರಕ್ಕೆ ನೀರು ಕೊನೇ ಗದ್ದೆ ಮುಟ್ಟುವುದಿಲ್ಲ. ನಾಲೆಯ ಬಾಲದಲ್ಲಿ ಬೇಸಾಯ ಮಾಡುವ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ತಲೆಯಲ್ಲಿರುವವರು ತಡೆದು ನಿಲ್ಲಿಸಿಕೊಂಡ ನೀರನ್ನು ಬಿಡಿಸಲು ಯಾರಾದರೂ ರಾತ್ರಿ ಸನಿಕೆ ಹಿಡಿದು ಹೋಗಲೇಬೇಕು. ಮಿಲ್ಲರ್ ವರದಿ ಮಾಡಿದ್ದು ಆ ಕೆಲಸ. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಎಂದಿತು ಅದು. 1921ರಲ್ಲಿ ಆದೇಶವಾಯಿತು. ಆಮೇಲೆಯೇ ನನ್ನ ತಾತನ ತಮ್ಮ ಶೇಕ್ದಾರರಾದದ್ದು. ಅಣ್ಣನಿಗೆ ದಿವಾನರ ನೀರು, ತಮ್ಮನಿಗೆ ದಿವಾನರು ಬೇಡವೆಂದ ನೌಕರಿ. ಎರಡನ್ನೂ ಉಂಡು ಬೆಳೆದ ಮನೆ ನಮ್ಮದು. ಆದರೆ ನಮ್ಮ ಪಾಲಿನ ತೂಬು ತೆರೆದ ಮೇಲೆ ನಮಗಿಂತ ಕೆಳಗಿನ ಗದ್ದೆಯವರ ನೆನಪು ನಮಗೂ ಬರಲಿಲ್ಲ. ಅಷ್ಟು ದೊಡ್ಡ ಬುದ್ಧಿಗೆ ಕಾಣದೇ ಹೋದದ್ದು ನಮ್ಮ ಕಣ್ಣಿಗೂ ಕಾಣಲಿಲ್ಲ.

ಈಗ ನಮ್ಮ ಜಿಲ್ಲೆಯಲ್ಲಿ ಕಟ್ಟೆ ಕಟ್ಟಿಸಿದ್ದು ನಾಲ್ವಡಿಯವರೋ ವಿಶ್ವೇಶ್ವರಯ್ಯನವರೋ ಎಂದು ಜನ ಮುಖ ಕೆಡಿಸಿಕೊಳ್ಳುವುದನ್ನು ನೋಡುತ್ತೇನೆ. ಮಾತಾಡುವವರ ಜಾತಿ ಗೊತ್ತಿದ್ದರೆ ಅವರು ಯಾವ ಪಕ್ಷ ಎಂದು ಬಾಯಿ ಬಿಡುವ ಮುಂಚೆಯೇ ಹೇಳಬಹುದು. ಸಂಕಟವಾಗುತ್ತದೆ. ಅಪ್ಪ ತೀರಿಕೊಂಡ ವರ್ಷ ನಾನು ಅಟ್ಟದಿಂದ ಪಟ ಇಳಿಸಿ, ಗಾಜು ಒರೆಸಿ, ಅದೇ ಮೊಳೆಗೆ ತೂಗುಹಾಕಿದೆ. ದಿವಾನರ ತಪ್ಪನ್ನು ಮನ್ನಿಸಿ ಅಲ್ಲ. ಸುಣ್ಣ ಸುರ್ಕಿಯಲ್ಲಿ ಕಟ್ಟಿದ ಆ ಕಟ್ಟೆಯ ಗೋಡೆಯ ಮುಂದೆ ನಿಂತರೆ ನನಗೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ, ಅದನ್ನು ಮುಚ್ಚಿಡುವುದೇಕೆ?

ಪಟ ಹಾಕುವಾಗ ನೀರುಗಂಟಿಯ ನೆನಪಾಯಿತು. ಅವರದೊಂದು ಪಟ ಎಲ್ಲೂ ಇಲ್ಲ. ಅಷ್ಟೇ ಅಲ್ಲ, ಹೆಸರೂ ಗೊತ್ತಿಲ್ಲ. ಅವ್ವನನ್ನು ಕೇಳಿದೆ. "ನೀರುಗಂಟಿ ಅಂತಲೇ ಅಲ್ವಾ ಕರೀತಿದ್ದುದು" ಎಂದರು.

ಹೋದ ತಿಂಗಳು, ಅರವತ್ತೆಂಟು ತುಂಬಿದ ಮೇಲೆ, ನೀರುಗಂಟಿಯವರ ಮಗನ ಮನೆ ಹುಡುಕಿಕೊಂಡು ಹೋದೆ. ಊರಿನ ಆ ತುದಿಗೆ ನಾನು ಹೋದದ್ದು ಅದೇ ಮೊದಲು. ಮಗ ಸುಮಾರು ನನ್ನದೇ ವಯಸ್ಸಿನವರು. ಬಂದ ಕಾರಣ ಹೇಳಿದೆ. ಬಹಳ ಹೊತ್ತು ನನ್ನನ್ನೇ ನೋಡಿದರು. "ನಮ್ಮಪ್ಪನ ಹೆಸ್ರು ಕೇಳ್ಕಂಡು ನಿಮ್ಮಟ್ಟಿಯಿಂದ ಬಂದೋರು ನೀವೇ ಕಣಣ್ಣ" ಎಂದು, ಆಮೇಲೆ ಹೆಸರು ಹೇಳಿದರು. ಒಳಗಿನಿಂದ ಸೊಸೆ ಸ್ಟೀಲಿನ ಲೋಟದಲ್ಲಿ ನೀರು ತಂದಿಟ್ಟರು. ತೆಗೆದುಕೊಂಡೆ. ನನ್ನ ಕೈ ನನ್ನನ್ನು ಕೇಳದೆಯೇ, ಎತ್ತಿ ಕುಡಿಯಲು ತುಟಿಯಿಂದ ಗೇಣುದ್ದ ಮೇಲಕ್ಕೆ ಹೋಯಿತು. ಅವರು ನೋಡುತ್ತಿದ್ದರು. ಲೋಟ ಇಳಿಸಿ ಕಚ್ಚಿ ಕುಡಿದೆ.