ಗಣಕ ಕಟ್ಟೆ: ಯಂತ್ರ ಹೊಸದಾಯಿತು, ಕೀಲಿಕೈ ಎಲ್ಲಿ?



ಬಳಗದಲ್ಲಿ ಗಣಕಯಂತ್ರ ಬಲ್ಲವರು ಒಬ್ಬರಿದ್ದರೆ ಸಾಕು, ಎಲ್ಲರ ಯಂತ್ರಗಳೂ ಅವರ ಪಾಲಿಗೇ ಬರುತ್ತವೆ. ನಾಗಪುರದಲ್ಲಿ ಹುಟ್ಟಿ ಬೆಳೆದ ನಿಮಗೂ ಇದರ ಅನುಭವ ಇದ್ದೇ ಇರುತ್ತದೆ. ಮೇ ತಿಂಗಳಲ್ಲಿ ಬಿಸಿಲು 45 ಡಿಗ್ರಿ ಮುಟ್ಟಿದಾಗ ಇತವಾರಿಯ ಕಾಕಾರ ಅಂಗಡಿಯಲ್ಲೋ ಧರಮ್‌ಪೇಠದ ಮಾಮಾರ ದವಾಖಾನೆಯಲ್ಲೋ ಮೂಲೆಯಲ್ಲಿಟ್ಟ ಸರ್ವರ್ ಕೈಕೊಡುತ್ತದೆ. "ಸ್ವಲ್ಪ ಬಂದು ನೋಡ್ತೀಯೇನಪ್ಪಾ?" ಎಂದು ಫೋನ್ ಬರುತ್ತದೆ. ನೀವು ಹೋಗಿ ಹೊಸ ಡಿಸ್ಕ್ ಹಾಕಿ, ವಿಂಡೋಸ್ ಮತ್ತೆ ತುಂಬಿಸಿ, ಬ್ಯಾಕಪ್ಪಿನಿಂದ ಲೆಕ್ಕಪತ್ರ ಮರಳಿ ಇಳಿಸಿ ಬರುತ್ತೀರಿ. ಮರುದಿನ ಬೆಳಿಗ್ಗೆ ತಂತ್ರಾಂಶ "ಪರವಾನಗಿ ಇಲ್ಲ" ಎನ್ನುತ್ತದೆ. ಹಣ ಕೊಟ್ಟು ಕೊಂಡದ್ದಲ್ಲವೇ? ಹೌದು. ಹಾಗಾದರೆ ಹೀಗೇಕೆ? ಈ ಸಲ ಅದನ್ನೇ ನೋಡೋಣ.

ನಮ್ಮ ಧಾರವಾಡದ ಕಡೆ ಕೀಲಿ ಎಂದರೆ ಬೀಗ, ಕೀಲಿಕೈ ಎಂದರೆ ಅದನ್ನು ತೆಗೆಯುವ ಸಾಧನ. ನಿಮ್ಮ ಮರಾಠಿ ಗೆಳೆಯರಿಗೆ ಬೀಗ ಕುಲೂಪ್, ಅದನ್ನು ತೆಗೆಯುವುದು ಕಿಲ್ಲಿ. ತಂತ್ರಾಂಶದಲ್ಲೂ ಇವೆರಡು ಬೇರೆ ಬೇರೆ ಎಂಬುದು ನೆನಪಿರಲಿ. ಸಿ.ಡಿ.ಯೋ ಡೌನ್‌ಲೋಡೋ ಬರೀ ಸರಕು. ಅದನ್ನು ಬಳಸುವ ಹಕ್ಕು ಪರವಾನಗಿಯಲ್ಲಿದೆ.

ಇದು ಹಳೆಯ ದಾನಶಾಸನ ಇದ್ದ ಹಾಗೆ. ಪಕ್ಕದ ವರ್ಧಾ ಜಿಲ್ಲೆಯ ದೇವಳಿಯಲ್ಲಿ ಮಳಖೇಡದ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ತಾಮ್ರಪಟ ಸಿಕ್ಕಿದೆ. ಅದರ ಕಾಲ ಶಕ 862, ಅಂದರೆ ಕ್ರಿ.ಶ. 940. ನಾಗಪುರ-ನಂದಿವರ್ಧನ ಎಂಬ ವಿಭಾಗದ ಒಂದು ಊರನ್ನು ದಾನ ಕೊಟ್ಟ ದಾಖಲೆ ಅದು. ನೀವಿರುವ ಊರಿನ ಹೆಸರು ಮೊದಲು ಕಾಣುವುದೇ ಕನ್ನಡ ನಾಡಿನಿಂದ ಆಳಿದ ಅರಸನ ಶಾಸನದಲ್ಲಿ! ದಾನ ಯಾರಿಗೆ, ಯಾವುದು, ಎಲ್ಲಿಯವರೆಗೆ ಎಂದು ಶಾಸನ ಹೇಳುತ್ತದೆ. ಪರವಾನಗಿಯೂ ಯಾರಿಗೆ, ಎಷ್ಟು ಜನಕ್ಕೆ, ಯಾವ ಯಂತ್ರಕ್ಕೆ ಎಂದೇ ಹೇಳುತ್ತದೆ. ವ್ಯತ್ಯಾಸವಿಷ್ಟೇ: ತಾಮ್ರಪಟ ಮನೆ ಬಿದ್ದರೂ ಉಳಿಯುತ್ತದೆ. ಡಿಸ್ಕಿನಲ್ಲಿದ್ದ ಪರವಾನಗಿ ಕಡತ ಡಿಸ್ಕಿನೊಂದಿಗೇ ಹೋಗುತ್ತದೆ. ಹಕ್ಕು ಮಾತ್ರ ಹೋಗುವುದಿಲ್ಲ, ಅದನ್ನು ಮತ್ತೆ ಸಾಬೀತು ಮಾಡಬೇಕಾಗುತ್ತದೆ.

ಮೊದಲು ವಿಂಡೋಸ್. 2001ರ ಎಕ್ಸ್‌ಪಿಯಿಂದ ಅದು ತನ್ನ 25 ಅಕ್ಷರಗಳ ಕೀಲಿಯನ್ನು ಯಂತ್ರದ ಬಿಡಿಭಾಗಗಳ ಗುರುತಿನೊಂದಿಗೆ ಜೋಡಿಸುತ್ತದೆ. ಡಿಸ್ಕ್ ಒಂದನ್ನೇ ಬದಲಿಸಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮದರ್‌ಬೋರ್ಡ್ ಬದಲಾದರೆ ಅದನ್ನು ಬೇರೆ ಯಂತ್ರವೆಂದೇ ಎಣಿಸುತ್ತದೆ. ಯಂತ್ರದ ಜೊತೆಗೇ ಬಂದ ಪರವಾನಗಿ ಆ ಯಂತ್ರಕ್ಕೇ ಸೀಮಿತ, ಬಿಡಿಯಾಗಿ ಕೊಂಡದ್ದನ್ನು ಬೇರೆ ಯಂತ್ರಕ್ಕೆ ಒಯ್ಯಬಹುದು. ನಿಮ್ಮದು ಯಾವುದೆಂದು ಬಿಲ್ಲು ನೋಡಿ ತಿಳಿಯಿರಿ.

ಎರಡನೆಯದು ಅಂಗಡಿಗಳ ಟ್ಯಾಲಿ. 1986ರಲ್ಲಿ ಆರಂಭವಾದ ಬೆಂಗಳೂರಿನ ಸಂಸ್ಥೆ ಇದರದು. ಹಲವರು ಬಳಸುವ ಪರವಾನಗಿಯಾದರೆ ಅದು ಒಂದು ಯಂತ್ರದಲ್ಲಿ ಕೂತಿರುತ್ತದೆ, ಉಳಿದವು ಜಾಲದ ಮೂಲಕ ಅದನ್ನು ಪಡೆಯುತ್ತವೆ. ಆ ಒಂದು ಯಂತ್ರ ಅಳಿಸಿದರೆ ಎಲ್ಲವೂ ಶೈಕ್ಷಣಿಕ ಮೋಡಿಗೆ ಇಳಿಯುತ್ತವೆ. ಆಗ ತಿಂಗಳ ಕೆಲವೇ ದಿನಾಂಕಗಳಿಗೆ ನಮೂದು ಸಾಧ್ಯ. 20ನೇ ತಾರೀಖಿಗೆ ಜಿ.ಎಸ್.ಟಿ. ರಿಟರ್ನ್ ತುಂಬಬೇಕಾದವರ ಗತಿ ಏನಾದೀತು, ನೀವೇ ಯೋಚಿಸಿ. ಆದ್ದರಿಂದ ಫಾರ್ಮ್ಯಾಟ್ ಮಾಡುವ ಮೊದಲು ಪರವಾನಗಿಯನ್ನು "ಸರೆಂಡರ್" ಮಾಡಿ, ಆಮೇಲೆ "ರಿಆಕ್ಟಿವೇಟ್" ಮಾಡಿ. ಇದಕ್ಕೆ ಸೀರಿಯಲ್ ನಂಬರೂ ನೋಂದಾಯಿಸಿದ ಈಮೇಲೂ ಬೇಕು. ಕೆಲಸ ಕೆಡುವುದೇ ಇಲ್ಲಿ. ಆ ಈಮೇಲ್ ಎಷ್ಟೋ ಕಡೆ ಕೆಲಸ ಬಿಟ್ಟು ಹೋದ ಹುಡುಗನದಾಗಿರುತ್ತದೆ!

ಮೂರನೆಯದು ರಿಮೋಟ್ ಡೆಸ್ಕ್‌ಟಾಪ್, ಅಂದರೆ ಹಲವರು ಒಂದೇ ಸರ್ವರಿಗೆ ದೂರದಿಂದ ಸೇರುವ ಏರ್ಪಾಡು. ಇದಕ್ಕೆ ವಿಂಡೋಸ್ ಸರ್ವರಿನ ಕೀಲಿಯಲ್ಲದೆ ಆಳಿಗೊಂದೋ ಯಂತ್ರಕ್ಕೊಂದೋ ಬೇರೆ ಪರವಾನಗಿ ಬೇಕು. ಹೊಸದಾಗಿ ಸ್ಥಾಪಿಸಿದ ಮೇಲೆ 120 ದಿನ ಅದು ಪರವಾನಗಿ ಕೇಳದೆ ನಡೆಯುತ್ತದೆ. ಇದೇ ಮೋಸದ ಜಾಗ. ಎಲ್ಲ ಸರಿಯಾಯಿತೆಂದು ನೀವು ಮರೆತುಬಿಡುತ್ತೀರಿ, ನಾಲ್ಕು ತಿಂಗಳ ನಂತರ ಒಂದು ದಿನ ಯಾರಿಗೂ ಒಳಗೆ ಹೋಗಲಾಗುವುದಿಲ್ಲ. ಆದ್ದರಿಂದ ಅಂದೇ ಲೈಸೆನ್ಸಿಂಗ್ ಮ್ಯಾನೇಜರ್ ತೆರೆದು ಸರ್ವರನ್ನು ಸಕ್ರಿಯಗೊಳಿಸಿ. ನೇರ ಸಂಪರ್ಕ, ಬ್ರೌಸರ್, ಫೋನ್ ಎಂದು ಮೂರು ದಾರಿಗಳಿವೆ. ನಂತರ ಹಳೆಯ ಖರೀದಿಯ ಒಪ್ಪಂದ ಸಂಖ್ಯೆ ಕೊಟ್ಟು ಪರವಾನಗಿಗಳನ್ನು ಮತ್ತೆ ತುಂಬಿಸಿ. ಒಪ್ಪದಿದ್ದರೆ ಮೈಕ್ರೋಸಾಫ್ಟಿನ ಕ್ಲಿಯರಿಂಗ್‌ಹೌಸಿಗೆ ಫೋನ್ ಮಾಡಿ, ಹಳೆಯ ಸರ್ವರ್ ಕೆಟ್ಟಿತೆಂದು ತಿಳಿಸಿ.

ಈ ಕಿರಿಕಿರಿ ಕಂಡು "ಕ್ರ್ಯಾಕ್ ಹಾಕಿಬಿಡು, ಯಾರು ನೋಡ್ತಾರೆ?" ಎನ್ನುವವರು ಇದ್ದೇ ಇರುತ್ತಾರೆ. ಒಪ್ಪಬೇಡಿ. ಕಳ್ಳ ಕೀಲಿಯ ಜೊತೆ ವೈರಸ್ಸೂ ಒಳಗೆ ಬರಬಹುದು. ಅಲ್ಲದೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ಗೊತ್ತಿದ್ದೂ ಇಂಥ ಕಳ್ಳ ಪ್ರತಿ ಬಳಸಿದವರಿಗೆ ಏಳು ದಿನದಿಂದ ಮೂರು ವರ್ಷದವರೆಗೆ ಸಜೆಯೂ 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡವೂ ಇದೆ. ಹಣ ಕೊಟ್ಟು ಕೊಂಡ ಕಾಕಾರನ್ನು ಕಳ್ಳರ ಸಾಲಿಗೆ ಸೇರಿಸುವುದೇಕೆ?

ಇನ್ನೊಂದು ಮಾತು ಕನ್ನಡದ ಬಗ್ಗೆ. ಯಾವ ಕನ್ನಡ ಸಂಘದ ಹಳೆಯ ಯಂತ್ರ ಅಳಿಸುವಾಗಲೂ ಎಚ್ಚರವಿರಲಿ. 1990ರ ದಶಕದ ಕನ್ನಡ ಪುಟಗಳು ಆಯಾ ತಂತ್ರಾಂಶದ ಸ್ವಂತ ಸಂಕೇತದಲ್ಲಿರುತ್ತವೆ. ಆ ತಂತ್ರಾಂಶದ ಪರವಾನಗಿ ಹೋದರೆ ತೆರೆದ ಕಡತ ಬರೀ ಗೋಜಲು. ಹಳೆಯದು ನಡೆಯುತ್ತಿರುವಾಗಲೇ ಅವನ್ನು ಯೂನಿಕೋಡಿಗೆ ಬದಲಿಸಿಕೊಳ್ಳಿ. ನಿಮ್ಮ ತಂದೆ ತಾಯಿಯರು ಬರೆದದ್ದು ನಿಮ್ಮ ಮಕ್ಕಳಿಗೆ ಓದಲು ಸಿಗಬೇಕಲ್ಲವೇ?

ಈ ತಿಂಗಳು ಇಷ್ಟು ಮಾಡಿ. ಒಂದು ಹಾಳೆಯ ಮೇಲೆ ತಂತ್ರಾಂಶದ ಹೆಸರು, ಕೀಲಿ ಅಥವಾ ಸೀರಿಯಲ್ ನಂಬರು, ನೋಂದಾಯಿಸಿದ ಈಮೇಲ್, ಬಿಲ್ಲಿನ ತಾರೀಖು ಮತ್ತು ಎಷ್ಟು ಜನರ ಪರವಾನಗಿ ಎಂಬುದನ್ನು ಬರೆಯಿರಿ. ಈಮೇಲ್ ಅಂಗಡಿಯದೇ ಇರಲಿ, ನಿಮ್ಮದು ಬೇಡ. ನಾಳೆ ನೀವು ಪುಣೆಗೋ ಬೆಂಗಳೂರಿಗೋ ನೌಕರಿಗೆ ಹೊರಟವರು. ಆ ಹಾಳೆಯನ್ನು ಸರ್ವರಿನೊಳಗೆ ಇಡದೆ, ಮನೆಯ ಕಾಗದಪತ್ರಗಳ ಕಪಾಟಿನಲ್ಲಿಟ್ಟು ಹಿರಿಯರಿಗೆ ತೋರಿಸಿಡಿ.