ನಮ್ಮ ತರುವಾಯ ಇವನಿಗಾರು?

ಕಳೆದ ಕಾರ್ತಿಕಮಾಸದಲ್ಲಿ ಒಂದು ಸಾಯಂಕಾಲ ಮದ್ದೂರು ಕಡೆಯ ಗ್ರಾಮದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ತಾಯಿಯನ್ನೂ ತಮ್ಮನನ್ನೂ ಕರೆದುಕೊಂಡು ಮಂಡ್ಯದ ನಮ್ಮ ಮನೆಗೆ ಬಂದಿದ್ದನು. ತಾಯಿಗೆ ಎಪ್ಪತ್ತು ವರ್ಷ ಸಮೀಪಿಸಿದೆ. ತಮ್ಮನಿಗೆ ಮೂವತ್ತೆಂಟು, ದೇಹವು ಗಂಡಸಿನದಾದರೂ ಬುದ್ಧಿಯು ಐದು ವರ್ಷದ ಮಗುವಿನದು. ಅವನು ಜಗಲಿಯ ಮೇಲೆ ಕುಳಿತು, ನಾವು ಕೊಟ್ಟ ಬೆಲ್ಲದ ಚೂರನ್ನು ಚಪ್ಪರಿಸುತ್ತ, ತಾಯಿಯ ಸೆರಗನ್ನು ಬಿಡದೆ ಹಿಡಿದಿದ್ದನು.

"ಮೇಷ್ಟ್ರೇ, ನಾನಿರೋಗಂಟ ಇವನಿಗೆ ಉಣ್ಣಾಕಿಕ್ತೀನಿ. ನಾನು ಕಣ್ಮುಚ್ಚಿದ ಮ್ಯಾಲೆ ಏನು ಗತಿ?" ಎಂದು ಆಕೆ ಕೇಳಿದಳು.

"ಯಾಕವ್ವ, ನಾನಿಲ್ವಾ?" ಎಂದನು ಹಿರಿಯ ಮಗ.

ಆಕೆ ಉತ್ತರ ಕೊಡಲಿಲ್ಲ. ಆ ಮೌನವು ಮಗನ ಮೇಲಿನ ಅವಿಶ್ವಾಸದಿಂದ ಬಂದುದಲ್ಲವೆಂದು ನಾನು ಬಲ್ಲೆ. ಮಗನೂ ಮನುಷ್ಯನೇ, ಅವನ ಆಯುಸ್ಸಿಗೂ ಮಿತಿಯುಂಟು ಎಂಬ ಅರಿವೇ ಆಕೆಯನ್ನು ಮಾತನಾಡಗೊಡಲಿಲ್ಲ. ಇಂತಹ ಕುಟುಂಬಗಳು ನಮ್ಮ ಸೀಮೆಯಲ್ಲಿ ವಿರಳವಲ್ಲವಾದುದರಿಂದ, ಈ ತಿಂಗಳು ವಾಚಕರೊಡನೆ ಇದೇ ವಿಷಯವನ್ನು ಪ್ರಸ್ತಾಪಿಸಬೇಕೆಂದು ಮನಸ್ಸಾಯಿತು.

ಮೊದಲು ಮಳವಳ್ಳಿ ಕಡೆಯ ಒಂದು ಮನೆಯ ವೃತ್ತಾಂತವನ್ನು ಹೇಳುವೆನು. ಅಲ್ಲಿಯ ಯಜಮಾನನು ತನಗಿದ್ದ ನೀರಾವರಿ ಗದ್ದೆಯನ್ನು ಪಾಲು ಮಾಡುವಾಗ, ಬುದ್ಧಿ ಬೆಳೆಯದ ಕಿರಿಯ ಮಗನ ಪಾಲನ್ನೂ ಹಿರಿಯನ ಖಾತೆಗೇ ಸೇರಿಸಿ, "ತಮ್ಮನನ್ನು ನೋಡಿಕೋ" ಎಂದಷ್ಟೇ ಹೇಳಿ ತೀರಿಕೊಂಡನು. ಹಿರಿಯನು ಆ ಮಾತನ್ನು ಹನ್ನೊಂದು ವರ್ಷ ಅಕ್ಷರಶಃ ನಡೆಸಿದನು. ಅನಂತರ ಅವನೂ ಅಕಸ್ಮಾತ್ತಾಗಿ ಗತಿಸಿದನು. ಗದ್ದೆಯು ಅವನ ಮಕ್ಕಳಿಗೆ ಬಂದಿತು. ಸಾಲಕ್ಕೆ ಅರ್ಧ ಹೋಯಿತು, ಉಳಿದರ್ಧವನ್ನು ಮಾರಿ ಒಬ್ಬನು ಬೆಂಗಳೂರು ಸೇರಿದನು. ಚಿಕ್ಕಪ್ಪನು ಈ ಮನೆಯಲ್ಲಿ ಆರು ತಿಂಗಳು, ಆ ಮನೆಯಲ್ಲಿ ಆರು ತಿಂಗಳೆಂದು ಅಲೆಯುವಂತಾಯಿತು. ಇದರಲ್ಲಿ ದುಷ್ಟರು ಯಾರೂ ಇಲ್ಲ. ತಾತನು ಆಡಿದ ಮಾತನ್ನು ಮೊಮ್ಮಕ್ಕಳು ಕೇಳಿಯೇ ಇರಲಿಲ್ಲ. ಬಾಯಿಮಾತು ಆಡಿದವನೊಡನೆ ಹಾಗೂ ಕೇಳಿದವನೊಡನೆ ಮಣ್ಣಾಯಿತು.

ನಮ್ಮ ಪೂರ್ವಿಕರು ಈ ಚಿಂತೆಯನ್ನು ಅರಿಯದವರಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ಶತಮಾನಗಳ ಕಾಲ ನಮ್ಮ ದಾಯಭಾಗದ ನಿಯಮಗಳಿಗೆ ಆಧಾರವಾಗಿತ್ತು. ಆ ಸ್ಮೃತಿಯ ಪ್ರಕಾರ ಕುರುಡರು, ಉನ್ಮತ್ತರು, ಜಡರು ಮೊದಲಾದವರಿಗೆ ಪಾಲಿಲ್ಲ. ಆದರೆ ಅವರನ್ನು ಯಾವಜ್ಜೀವವೂ ಪೋಷಿಸತಕ್ಕುದು ಮನೆಯವರ ಕರ್ತವ್ಯ. ಅನ್ನವನ್ನು ವಿಧಿಸಿ ಆಸ್ತಿಯನ್ನು ನಿಷೇಧಿಸಿದ ವ್ಯವಸ್ಥೆಯದು. ಇಂದು ಆ ನಿಷೇಧವಿಲ್ಲ. ೧೯೫೬ರ ಹಿಂದೂ ಉತ್ತರಾಧಿಕಾರ ಶಾಸನವು, ರೋಗದಿಂದಾಗಲಿ ಅಂಗವೈಕಲ್ಯದಿಂದಾಗಲಿ ಯಾರಿಗೂ ಉತ್ತರಾಧಿಕಾರವು ತಪ್ಪತಕ್ಕುದಲ್ಲವೆಂದು ಸ್ಪಷ್ಟವಾಗಿ ವಿಧಿಸಿದೆ. ಆದುದರಿಂದ ಇಂತಹ ಮಗನಿಗೆ ಪಾಲುಂಟು. ಆ ಪಾಲನ್ನು ಅವನಿಗೋಸ್ಕರ ಕಾಯುವವರಾರೆಂಬುದೇ ಇಂದಿನ ಪ್ರಶ್ನೆ.

ಇದಕ್ಕೆ ಒಂದು ಉಪಾಯವೇ ಟ್ರಸ್ಟು. ಇದನ್ನು ಕನ್ನಡದಲ್ಲಿ ನ್ಯಾಸವೆನ್ನುತ್ತೇವೆ. ನಂಬಿಗಸ್ತನಲ್ಲಿ ಇಟ್ಟ ವಸ್ತುವೆಂದು ಆ ಶಬ್ದದ ಅರ್ಥ. ಭಾಸನ ಸ್ವಪ್ನವಾಸವದತ್ತ ನಾಟಕವನ್ನು ಓದಿದವರಿಗೆ ನೆನಪಿರಬಹುದು: ಅಲ್ಲಿ ಮಂತ್ರಿಯಾದ ಯೌಗಂಧರಾಯಣನು ವಾಸವದತ್ತೆಯನ್ನೇ ಪದ್ಮಾವತಿಯ ಕೈಯಲ್ಲಿ ನ್ಯಾಸವಾಗಿಡುತ್ತಾನೆ. ಕಡೆಯಲ್ಲಿ ಅದನ್ನು ಹಿಂದಿರುಗಿಸುವ ಸಮಯ ಬಂದಾಗ, ನ್ಯಾಸವನ್ನು ಸಾಕ್ಷಿಗಳ ಸಮಕ್ಷಮದಲ್ಲಿ ಒಪ್ಪಿಸಬೇಕೆಂದು ಅರಸನು ಹೇಳುತ್ತಾನೆ. ಸಜ್ಜನರ ನಡುವೆಯೂ ಸಾಕ್ಷಿ ಬೇಕು. ಪತ್ರವೆಂದರೆ ಅನುಮಾನವೆಂದು ತಿಳಿಯುವವರು ಇದನ್ನು ಮನಸ್ಸಿನಲ್ಲಿಡಬೇಕು.

ನಮ್ಮ ದೇಶದ ಖಾಸಗಿ ಟ್ರಸ್ಟುಗಳಿಗೆ ಆಧಾರವು ೧೮೮೨ರ ಟ್ರಸ್ಟು ಶಾಸನ. ಸ್ವತ್ತನ್ನು ಕೊಡುವವರು, ಅದನ್ನು ವಹಿಸಿಕೊಳ್ಳುವ ಟ್ರಸ್ಟಿ, ಅದರ ಪ್ರಯೋಜನವನ್ನು ಪಡೆಯುವ ಫಲಾನುಭವಿ, ಹೀಗೆ ಮೂವರು. ಯಾವ ಸ್ವತ್ತು, ಯಾವ ಉದ್ದೇಶ, ಯಾರಿಗಾಗಿ ಎಂಬುದು ನಿಸ್ಸಂದೇಹವಾಗಿರಬೇಕು. ಮನೆ, ನಿವೇಶನ ಮೊದಲಾದ ಸ್ಥಿರಸ್ವತ್ತಾದರೆ ಪತ್ರವನ್ನು ಬರೆದು, ಸಹಿ ಮಾಡಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಇಲ್ಲವೆ ಇಬ್ಬರು ಸಾಕ್ಷಿಗಳ ಸಹಿಯುಳ್ಳ ಉಯಿಲಿನ ಮೂಲಕ ನ್ಯಾಸವನ್ನು ಏರ್ಪಡಿಸಬೇಕು. ಟ್ರಸ್ಟಿಯು ಲೆಕ್ಕವಿಡಬೇಕು, ಸ್ವಂತ ಲಾಭವನ್ನು ಮಾಡಿಕೊಳ್ಳಬಾರದು. ಅವನು ಸತ್ತರೂ ನ್ಯಾಸವು ಸಾಯದು. ಆ ಸ್ಥಾನಕ್ಕೆ ಇನ್ನೊಬ್ಬರು ಬರುವರು. ಮಳವಳ್ಳಿಯ ಆ ಮನೆಯಲ್ಲಿ ಇಲ್ಲದೆ ಹೋದದ್ದು ಇದೇ.

ನಾಲೆಯ ನೀರನ್ನು ಬಲ್ಲ ನಮ್ಮವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಕನ್ನಂಬಾಡಿಯಲ್ಲಿ ನಿಂತ ನೀರು ಒಂದೇ ದಿನ ಹರಿದುಬಂದರೆ ಕಬ್ಬು ಕೊಚ್ಚಿಹೋಗುವುದು; ತೂಬಿನ ಮೂಲಕ ಅಳತೆಯಿಂದ ಬಂದರೆ ವರ್ಷವೆಲ್ಲ ಬೆಳೆ ನಿಲ್ಲುವುದು. ಲೆಕ್ಕವರಿಯದ ಮಗನ ಹೆಸರಿಗೆ ಹಣವನ್ನು ಒಮ್ಮೆಗೇ ಸುರಿಯುವುದಕ್ಕೂ, ತಿಂಗಳು ತಿಂಗಳಿಗೆ ಊಟ, ಔಷಧ, ಬಟ್ಟೆಗಳಿಗೆ ಬೇಕಾದಷ್ಟು ಬರುವಂತೆ ಮಾಡುವುದಕ್ಕೂ ಇಷ್ಟೇ ಅಂತರ.

ಹಣದ ಮಾತು ಹೀಗಾಯಿತು. ದೇಹವನ್ನು ನೋಡಿಕೊಳ್ಳುವವರು ಯಾರು? ಮಗನಿಗೆ ಹದಿನೆಂಟು ತುಂಬಿದಮೇಲೆ ತಂದೆತಾಯಿಗಳ ಸಹಜ ಪಾಲಕತ್ವವು ಕಾನೂನಿನಲ್ಲಿ ಮುಗಿದುಹೋಗುವುದೆಂಬುದನ್ನು ಬಹುಮಂದಿ ಅರಿಯರು. ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಮತ್ತು ಬಹುವಿಧ ವೈಕಲ್ಯವುಳ್ಳವರಿಗಾಗಿ ೧೯೯೯ರಲ್ಲಿ ನ್ಯಾಷನಲ್ ಟ್ರಸ್ಟ್ ಶಾಸನವು ಬಂದಿತು. ಇದರ ಮೇರೆಗೆ ಜಿಲ್ಲಾಧಿಕಾರಿಗಳ ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ, ವಿಕಲಚೇತನರೊಬ್ಬರು ಇರುವ ಸ್ಥಳೀಯ ಸಮಿತಿಯು ಪಾಲಕರನ್ನು ನೇಮಿಸುವುದು. ಹೀಗೆ ನೇಮಕವಾದ ಪಾಲಕನು ಆರು ತಿಂಗಳೊಳಗೆ ಆಶ್ರಿತನ ಸ್ವತ್ತಿನ ಪಟ್ಟಿಯನ್ನೂ, ಪ್ರತಿವರ್ಷವೂ ಲೆಕ್ಕವನ್ನೂ ಸಮಿತಿಗೆ ಒಪ್ಪಿಸಬೇಕು. ಮಾನಸಿಕ ರೋಗದಿಂದ ನರಳುವವರಿಗೆ ಈ ಶಾಸನವು ಅನ್ವಯಿಸದು. ಅಂತಹವರು ತಮ್ಮ ಚಿಕಿತ್ಸೆಯ ವಿಷಯದಲ್ಲಿ ನೆರವಾಗುವ ಪ್ರತಿನಿಧಿಯೊಬ್ಬರನ್ನು ಹೆಸರಿಸಲು ೧೯೧೭ರಲ್ಲಲ್ಲ, ಇತ್ತೀಚಿನ ೨೦೧೭ರ ಮಾನಸಿಕ ಆರೋಗ್ಯ ಶಾಸನವು ಅವಕಾಶ ಕೊಟ್ಟಿದೆ. ಆದರೆ ಆ ಪ್ರತಿನಿಧಿಗೆ ಆಸ್ತಿಯ ಮೇಲೆ ಅಧಿಕಾರವಿಲ್ಲ.

ನನ್ನ ಅಭಿಪ್ರಾಯದಲ್ಲಿ ಮುಖ್ಯವಾದುದು ಇದು: ಅನ್ನವನ್ನಿಕ್ಕುವ ಕೈ ಒಂದಿರಲಿ, ಹಣವನ್ನು ಕಾಯುವ ಕೈ ಇನ್ನೊಂದಿರಲಿ. ಜೊತೆಯಲ್ಲಿ ವಾಸಿಸುವ ಅಣ್ಣನೋ ಅಕ್ಕನೋ ಪಾಲಕರಾಗಲಿ; ಟ್ರಸ್ಟಿಗಳು ಇಬ್ಬರಾದರೂ ಇರಲಿ, ಅವರಲ್ಲಿ ಒಬ್ಬರು ಮನೆಯ ಹೊರಗಿನವರೂ ವಯಸ್ಸಿನಲ್ಲಿ ಕಿರಿಯರೂ ಆಗಿರಲಿ. ಆಗ ಒಬ್ಬರ ಕಣ್ಣು ಇನ್ನೊಬ್ಬರ ಮೇಲಿರುವುದು. ಅದಕ್ಕಿಂತ ಹೆಚ್ಚಾಗಿ, ಒಬ್ಬರ ಭಾರವು ಇನ್ನೊಬ್ಬರಿಗೆ ಹಂಚಿಹೋಗುವುದು.

ಕೆಲವು ಎಚ್ಚರಿಕೆಗಳೂ ಉಂಟು. ತಾಯಿಯು ತನ್ನ ಸ್ವಂತ ಸ್ವತ್ತನ್ನು ಮಾತ್ರ ನ್ಯಾಸಕ್ಕೆ ಒಪ್ಪಿಸಬಲ್ಲಳು. ಪಿತ್ರಾರ್ಜಿತದಲ್ಲಿ ಇತರರಿಗಿರುವ ಪಾಲನ್ನು ಸೇರಿಸಲಾಗದು. ವ್ಯವಸಾಯದ ಜಮೀನನ್ನು ಸೇರಿಸುವ ಮೊದಲು ಭೂಶಾಸನವನ್ನು ಬಲ್ಲ ವಕೀಲರನ್ನೂ, ತೆರಿಗೆಯ ವಿಷಯದಲ್ಲಿ ಲೆಕ್ಕಪರಿಶೋಧಕರನ್ನೂ ಕೇಳತಕ್ಕುದು. ಸರ್ಕಾರಿ ಸೇವೆಯಲ್ಲಿದ್ದವರು, ತಮ್ಮ ಅಶಕ್ತ ಮಕ್ಕಳಿಗೆ ಕುಟುಂಬ ಪಿಂಚಣಿಯು ದೊರೆಯುವುದೆ ಎಂಬುದನ್ನು ತಾವು ಜೀವಿಸಿರುವಾಗಲೇ ಇಲಾಖೆಯಲ್ಲಿ ವಿಚಾರಿಸಿ ದಾಖಲೆಮಾಡಿಸಬೇಕು. ಸ್ವತ್ತು ಅಲ್ಪವಾಗಿದ್ದು ಟ್ರಸ್ಟಿನ ಖರ್ಚೇ ಭಾರವಾಗುವಂತಿದ್ದರೆ, ಪಾಲಕರ ನೇಮಕ ಮತ್ತು ಒಂದು ಸ್ಪಷ್ಟವಾದ ಉಯಿಲು, ಇವೆರಡೇ ಸಾಕಾದೀತು.

ಇನ್ನೊಂದು ಕಾಗದವನ್ನು ಗೃಹಿಣಿಯರೇ ಬರೆಯಬೇಕು. ಇದಕ್ಕೆ ಮುದ್ರೆಯೂ ಬೇಡ, ವಕೀಲರೂ ಬೇಡ. ಮಗನು ಯಾವ ಮಾತ್ರೆಯನ್ನು ಯಾವ ಹೊತ್ತಿಗೆ ನುಂಗುತ್ತಾನೆ, ಯಾವ ಶಬ್ದಕ್ಕೆ ಹೆದರುತ್ತಾನೆ, ಮುದ್ದೆಯನ್ನು ಎಷ್ಟು ಬಿಸಿಯಾಗಿ ಉಣ್ಣುತ್ತಾನೆ, ಅಳುವಾಗ ಏನು ಹೇಳಿದರೆ ಸುಮ್ಮನಾಗುತ್ತಾನೆ ಎಂಬುದು ತಾಯಿಗಲ್ಲದೆ ಇನ್ನಾರಿಗೂ ತಿಳಿಯದು. ಆಕೆ ಹೋದ ದಿನ ಆ ಜ್ಞಾನವೂ ಹೋಗಬಾರದು.

ಇಷ್ಟನ್ನೂ ಹೇಳಿ ಮುಗಿಸಿದಾಗ ಕತ್ತಲಾಗಿತ್ತು. ಹಿರಿಯ ಮಗನು ಬಹಳ ಹೊತ್ತು ಸುಮ್ಮನಿದ್ದು, "ಬರೆಸಾಣ ಕಣವ್ವ. ನನ್ನ ಮಕ್ಕಳಿಗೂ ಗೊತ್ತಾಗ್ಲಿ" ಎಂದನು. ಕಳೆದ ತಿಂಗಳು ಪತ್ರವು ಮದ್ದೂರಿನಲ್ಲಿ ನೋಂದಣಿಯಾಯಿತೆಂದು ತಿಳಿದುಬಂದಿತು. ತಾಯಿಗೆ ಬರೆಯಲು ಬಾರದು. ಆಕೆ ಹೇಳಹೇಳುತ್ತ ಮೊಮ್ಮಗಳು ಬರೆದುಕೊಂಡ ಆ ಇನ್ನೊಂದು ಕಾಗದವು ಈಗ ಹತ್ತು ಪುಟಗಳಾಗಿವೆಯಂತೆ, ಇನ್ನೂ ಮುಗಿದಿಲ್ಲವಂತೆ.