ಮುಂದಿನ ಬ್ರೇಕಿಗೆ ಹೆದರುವ ಪಾಠ

‘ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ.’ ಸ್ಕೂಟರ್ ಕಲಿಸುವಾಗ ನಮ್ಮಲ್ಲಿ ತಪ್ಪದೆ ಬರುವ ಮಾತಿದು. ನನಗೂ ಹೀಗೇ ಕಲಿಸಿದ್ದರು. ಇದು ಕಾಪಾಡುವ ಪಾಠವಲ್ಲ, ಅಪಾಯದ ಪಾಠ.

ಇದು ಸರಿಹೊಂದುವ ಗಾಡಿಯೊಂದಿದೆ: ಗೋ-ಕಾರ್ಟ್. ಬಾಡಿಗೆ ಕಾರ್ಟ್‌ಗಳಲ್ಲಿ ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗಷ್ಟೇ ಬ್ರೇಕ್. ಎಂಜಿನ್ನೂ ಓಡಿಸುವವನೂ ಹಿಂದೆ, ಸೀಟು ನೆಲಕ್ಕೆ ತಾಗಿದಂತೆ. ಬ್ರೇಕ್ ಒತ್ತಿದಾಗ ಯಾವ ಗಾಡಿಯಲ್ಲೂ ಭಾರ ಮುಂದಕ್ಕೆ ಬೀಳುತ್ತದೆ. ಗಾಡಿ ತಗ್ಗಾಗಿದ್ದಷ್ಟೂ ಕಡಿಮೆ ಬೀಳುತ್ತದೆ. ಹಾಗಾಗಿ ಕಾರ್ಟಿನ ಹಿಂದಿನ ಚಕ್ರಗಳಿಗೆ ನೆಲದ ಹಿಡಿತ ಉಳಿಯುತ್ತದೆ.

ಸ್ಕೂಟರಿನದು ಬೇರೆ ಲೆಕ್ಕ. ಸವಾರನೂ ಸೇರಿ 180 ಕೆಜಿ, ಭಾರದ ಕೇಂದ್ರ 60 ಸೆಂಟಿಮೀಟರ್ ಎತ್ತರದಲ್ಲಿ, ಚಕ್ರಗಳ ನಡುವೆ 1.3 ಮೀಟರ್ ಎಂದುಕೊಳ್ಳಿ. ನಿಂತಾಗ ಮುಂದೆ 80, ಹಿಂದೆ 100 ಕೆಜಿ. ಸ್ವಲ್ಪ ಜೋರಾಗಿ ಬ್ರೇಕ್ ಹಿಡಿದರೆ ಮುಂದೆ ಸುಮಾರು 120, ಹಿಂದೆ 60. ಹಗುರಾದ ಚಕ್ರವನ್ನೇ ನಂಬಿದರೆ ಅದು ಜಾರುತ್ತದೆ, ಗಾಡಿ ನಿಲ್ಲುವುದಿಲ್ಲ. ಕಾರಿನಲ್ಲೂ ಇದೇ ಕಾರಣಕ್ಕೆ ಮುಂದಿನ ಬ್ರೇಕಿಗೇ ಹೆಚ್ಚು ಕೆಲಸ. ಅಲ್ಲಿ ಹಿಂದಿನ ಚಕ್ರಗಳು ಮೊದಲು ಕಚ್ಚಿಕೊಂಡರೆ ಕಾರು ಗಿರಕಿ ಹೊಡೆಯುತ್ತದೆ.

ನಮ್ಮ ಈ ಭಯಕ್ಕೆ ಕಾನೂನು ಬಳಸುದಾರಿ ಹುಡುಕಿದೆ. ಪುಣೆ ಜಿಲ್ಲೆಯ ಬಾರಾಮತಿಯ ಪಿಯಾಜಿಯೊ ಕಾರ್ಖಾನೆಯಿಂದ 2012ರಿಂದ ಬರುತ್ತಿರುವ ವೆಸ್ಪಾವನ್ನೇ ನೋಡಿ. 2019ರ ಏಪ್ರಿಲ್ 1ರಿಂದ 125 ಸಿಸಿ ಮೀರಿದ ಹೊಸ ದ್ವಿಚಕ್ರಗಳಿಗೆಲ್ಲ ಎಬಿಎಸ್, ಅದಕ್ಕಿಂತ ಸಣ್ಣವಕ್ಕೆ ಸಿಬಿಎಸ್ ಅಥವಾ ಎಬಿಎಸ್ ಕಡ್ಡಾಯವಾಯಿತು. ವೆಸ್ಪಾ 125ಕ್ಕೆ ಸಿಬಿಎಸ್ ಬಂತು, 150ಕ್ಕೆ ಎಬಿಎಸ್. ಸಿಬಿಎಸ್ ಇದ್ದರೆ ಹಿಂದಿನ ಬ್ರೇಕ್ ಹಿಡಿದಾಗ ಮುಂದಿನದೂ ಒಂದಷ್ಟು ಹಿಡಿಯುತ್ತದೆ. ಕಲಿಸಿದವರು ಬೇಡ ಎಂದದ್ದನ್ನು ಯಂತ್ರ ಸದ್ದಿಲ್ಲದೆ ಮಾಡುತ್ತಿದೆ.

ಅಷ್ಟು ಸಾಲದು. ಯಂತ್ರ ಹಿಡಿಯುವುದು ಒಂದು ಪಾಲು ಮಾತ್ರ. ಪೂರ್ತಿ ಹಿಡಿಯಬೇಕಾದದ್ದು ಸವಾರನ ಕೈ. ಹಳೆಯ ಗಾಡಿಗಳಲ್ಲಿ ಆ ಪಾಲೂ ಇಲ್ಲ.

ಭಯಕ್ಕೆ ಬುಡವಿಲ್ಲವೆಂದಲ್ಲ. ಮರಳು ಬಿದ್ದ ತಿರುವಿನಲ್ಲಿ, ಗಾಡಿ ವಾಲಿದಾಗ, ಮುಂದಿನ ಬ್ರೇಕ್ ಗಕ್ಕನೆ ಹಿಡಿದರೆ ಬೀಳುವುದು ಖಂಡಿತ. ಆದರೆ ಅದಕ್ಕೆ ಮದ್ದು ಬ್ರೇಕನ್ನೇ ಬಿಡುವುದಲ್ಲ. ತಿರುವಿಗೆ ಮೊದಲೇ, ಗಾಡಿ ನೆಟ್ಟಗಿರುವಾಗಲೇ ವೇಗ ಇಳಿಸುವುದು.

ಲೈಸೆನ್ಸಿಗೆ 8 ಹಾಕಲು ವಾರಗಟ್ಟಲೆ ಅಭ್ಯಾಸ ಮಾಡಿಸುತ್ತೇವೆ. ನಿಲ್ಲಿಸುವುದಕ್ಕೂ ಒಂದು ಬೆಳಗ್ಗೆ ಕೊಡೋಣ. ಖಾಲಿ ಮೈದಾನ, ಒಣ ನೆಲ, ಗಂಟೆಗೆ 20 ಕಿಲೋಮೀಟರ್ ವೇಗ, ಎರಡೂ ಬ್ರೇಕ್ ಒಟ್ಟಿಗೆ. ಮುಂದಿನದನ್ನು ನಿಂಬೆಹಣ್ಣು ಹಿಂಡಿದಂತೆ ಮೆಲ್ಲಗೆ ಶುರುಮಾಡಿ ಬಿಗಿ ಮಾಡುತ್ತಾ ಹೋಗುವುದು. ಮಕ್ಕಳ ಕೈಗೆ ಕೀಲಿ ಕೊಡುವ ಮುನ್ನ ಇಷ್ಟಾದರೂ ಆಗಬೇಕು.